ಅಂಬಾಸಡರ್ ಒಳಗಿನ ಸ್ಪೋರ್ಟ್ಸ್ ಕಾರು

ಇಂಗ್ಲೆಂಡಿನ ಎಂ.ಜಿ. ಕಂಪನಿ 1955ರಲ್ಲಿ ಎಂಜಿಎ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರನ್ನು ಹೊರತಂದಿತು. ಅದರ ಬಾನೆಟ್ ಕೆಳಗಿದ್ದದ್ದು ಬಿಎಂಸಿಯ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಬಿ-ಸೀರೀಸ್ ಎಂಜಿನ್: ನಾಲ್ಕು ಸಿಲಿಂಡರ್, 1489 ಸಿಸಿ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಬಿರ್ಲಾಗಳ ಹಿಂದೂಸ್ತಾನ್ ಮೋಟಾರ್ಸ್ ಉತ್ತರಪಾರಾದಲ್ಲಿ ತಯಾರಿಸುತ್ತಿದ್ದ ಅಂಬಾಸಡರ್‌ಗೂ ಅದೇ ಮನೆತನದ, ಅದೇ 1489 ಸಿಸಿಯ ಎಂಜಿನ್ ಬಂತು. ಎರಡರದ್ದೂ ಬೋರ್ (ಸಿಲಿಂಡರಿನ ವ್ಯಾಸ) 73 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 88.9. ತಿಪಟೂರಿನ ಎಪಿಎಂಸಿ ಯಾರ್ಡಿಗೆ ಮಂಡಿ ಯಜಮಾನರನ್ನು ಕರೆತರುತ್ತಿದ್ದ, ಮದುವೆ ಸೀಸನ್ನಿನಲ್ಲಿ ತುರುವೇಕೆರೆಯಿಂದ ಚಿಕ್ಕನಾಯಕನಹಳ್ಳಿಗೆ ಹತ್ತು ಜನರನ್ನು ತುಂಬಿಕೊಂಡು ಹೋಗುತ್ತಿದ್ದ ಆ ಗುಂಡುಬೆನ್ನಿನ ಕಾರು ಹೊಟ್ಟೆಯಲ್ಲಿ ಹೊತ್ತಿದ್ದದ್ದು ಸ್ಪೋರ್ಟ್ಸ್ ಕಾರಿನ ಎಂಜಿನ್ನನ್ನೇ. ಎಂಜಿಎಯಲ್ಲಿ ಅದು ಸುಮಾರು 72 ಅಶ್ವಶಕ್ತಿ ಕೊಡುತ್ತಿತ್ತು, ಅಂಬಾಸಡರ್‌ನಲ್ಲಿ 55ರ ಆಸುಪಾಸು.

ನಡುವಿನ ಹದಿನೇಳು ಕುದುರೆ ಎಲ್ಲಿ ಹೋದವು? ನಮ್ಮ ದೇಶದಲ್ಲಿ ಎಂಜಿನ್ ಟ್ಯೂನಿಂಗ್ ಎಂಬ ಕಸುಬು ಬೆಳೆದದ್ದು ಬಹುಮಟ್ಟಿಗೆ ಈ ಪ್ರಶ್ನೆಯ ಸುತ್ತ.

ಮೊದಲನೆಯ ಉತ್ತರ ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿ-ಪೆಟ್ರೋಲಿನ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬುದು. ಎಂಜಿಎಯಲ್ಲಿ ಅದು 8.3ಕ್ಕೆ 1. ಅಂಬಾಸಡರ್‌ನಲ್ಲಿ 7.2ರ ಸುತ್ತಮುತ್ತ, ಏಕೆಂದರೆ ಆ ಕಾಲದ ನಮ್ಮ ಸಾಧಾರಣ ಪೆಟ್ರೋಲಿನ ಆಕ್ಟೇನ್ ಕಡಿಮೆ. ಹೆಚ್ಚು ಒತ್ತಿದರೆ ಮಿಶ್ರಣ ತನ್ನಷ್ಟಕ್ಕೇ ಹೊತ್ತಿಕೊಂಡು, ಏರು ಹತ್ತುವಾಗ ಎಂಜಿನ್ ಕಟಕಟ ಬಡಿಯುತ್ತದೆ. ಎರಡನೆಯದು ಉಸಿರಾಟ. ಎಂಜಿಎಗೆ ಎರಡು ಎಸ್.ಯು. ಕಾರ್ಬುರೇಟರ್, ನಮ್ಮದಕ್ಕೆ ಒಂದೇ. ಮೂರನೆಯದು ಕ್ಯಾಮ್‌ಶಾಫ್ಟ್: ವಾಲ್ವ್ ಎಷ್ಟು ಎತ್ತರಕ್ಕೆ ಏಳಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ತೀರ್ಮಾನಿಸುವ ಭಾಗ.

ಇಷ್ಟು ಗೊತ್ತಾದರೆ ಅಂಬಾಸಡರನ್ನು ಎಂಜಿಎ ಮಾಡುವುದು ಸುಲಭ ಅನ್ನಿಸುತ್ತದೆ. ಸಿಲಿಂಡರ್‌ಗಳ ಮೇಲಿನ ಮುಚ್ಚಳವಾದ ಹೆಡ್ಡನ್ನು ಲೇತ್ ಅಂಗಡಿಗೆ ಒಯ್ದು ಉಜ್ಜಿಸಿದರೆ ಕಂಪ್ರೆಷನ್ ಏರುತ್ತದೆ ಎಂಬುದು ಬಾಯಿಂದ ಬಾಯಿಗೆ ಬಂದ ಸೂತ್ರ. ಲೆಕ್ಕ ಹಾಕಿ ನೋಡಿದರೆ ಬೇರೆ ಕಥೆ. ಒಂದು ಸಿಲಿಂಡರಿನ ಅಳತೆ 372 ಸಿಸಿ. 7.2 ಬೇಕೆಂದರೆ ಪಿಸ್ಟನ್ ಮೇಲೆ ಉಳಿಯಬೇಕಾದ ಜಾಗ 60 ಸಿಸಿ, 8.3 ಬೇಕೆಂದರೆ 51. ಈ ಒಂಬತ್ತು ಸಿಸಿಯನ್ನು ಹೆಡ್ ಉಜ್ಜಿಯೇ ತೆಗೆಯಲು ಹೊರಟರೆ ಎರಡು ಮಿಲಿಮೀಟರಿಗೂ ಮಿಕ್ಕಿ ಲೋಹ ಹೋಗುತ್ತದೆ. ಹೆಡ್ ತೆಳುವಾಗುತ್ತದೆ, ಪುಷ್‌ರಾಡ್‌ಗಳು ಉದ್ದವಾದಂತಾಗಿ ರಾಕರ್‌ನ ಕೋನ ಕೆಡುತ್ತದೆ, ಗ್ಯಾಸ್ಕೆಟ್ ಪದೇ ಪದೇ ಹೋಗುತ್ತದೆ. ಬಲ್ಲವರು ಪಿಸ್ಟನ್ ಬದಲಿಸಿ, ಹೆಡ್ಡಿಗೆ ಬರೀ ಫೇಸಿಂಗ್ ಹೊಡೆಸಿ ಸುಮ್ಮನಾಗುತ್ತಿದ್ದರು.

ಇನ್ನೊಂದು ಕಟ್ಟು ಎರಕದಲ್ಲೇ ಇತ್ತು. ಬಿ-ಸೀರೀಸ್ ಹೆಡ್ಡಿನಲ್ಲಿ ನಾಲ್ಕು ಸಿಲಿಂಡರಿಗೆ ಒಳಗೆ ಬರುವ ದಾರಿ ಎರಡೇ, ಹೊಗೆ ಹೋಗುವ ದಾರಿ ಮೂರು. ಒಂದು-ಮೂರು-ನಾಲ್ಕು-ಎರಡು ಎಂಬ ಕ್ರಮದಲ್ಲಿ ಕಿಡಿ ಹಾರುವುದರಿಂದ, ದಾರಿ ಹಂಚಿಕೊಂಡ ಎರಡು ಸಿಲಿಂಡರ್‌ಗಳು ಒಂದರ ಬೆನ್ನಿಗೊಂದು ಎಳೆಯುತ್ತವೆ, ಆಮೇಲೆ ಬಹಳ ಹೊತ್ತು ಸುಮ್ಮನಿರುತ್ತವೆ. ಇಬ್ಬರಿಗೂ ಸಮನಾದ ಪಾಲು ಸಿಗುವುದೇ ಇಲ್ಲ. ಪೋರ್ಟುಗಳನ್ನು ಕೈಗ್ರೈಂಡರಿನಲ್ಲಿ ಎಷ್ಟೇ ನಯ ಮಾಡಿದರೂ ಈ ಜಗಳ ತೀರದು. ಸ್ವತಃ ಎಂ.ಜಿ. ಕಂಪನಿಯೇ ಈ ಹೆಡ್ಡಿನ ಬದಲು 1958ರಲ್ಲಿ ಎರಡು ಓವರ್‌ಹೆಡ್ ಕ್ಯಾಮಿನ ಹೊಸ ಹೆಡ್ ಹಾಕಿದ ಎಂಜಿಎ ಟ್ವಿನ್ ಕ್ಯಾಮ್ ತಂದಿತು: 1588 ಸಿಸಿ, 108 ಅಶ್ವಶಕ್ತಿ, ಕಂಪ್ರೆಷನ್ 9.9. ಅದರ ಪಿಸ್ಟನ್‌ಗಳಿಗೆ ತೂತು ಬೀಳತೊಡಗಿ, ಒಟ್ಟು 2,111 ಕಾರು ಮಾಡಿ 1960ರಲ್ಲಿ ನಿಲ್ಲಿಸಬೇಕಾಯಿತು.

ಎಂಜಿನ್ ಮಾರ್ಪಾಡು ಎಂದರೆ ವೇಗ ಎಂಬುದು ಹೊರಗಿನ ಪತ್ರಿಕೆಗಳು ಕೊಟ್ಟ ಕಲ್ಪನೆ. ತಿಪಟೂರು ಸುತ್ತಿನ ಕಲ್ಪತರು ನಾಡಿನಲ್ಲಿ ಅದರ ಅರ್ಥ ಬೇರೆಯೇ ಇತ್ತು: ಎಣ್ಣೆ ಕಡಿಮೆ ಕುಡಿಯಬೇಕು, ಇನ್ನೆರಡು ವರ್ಷ ಓಡಬೇಕು. ತೆಂಗಿನ ತೋಟದ ಮಣ್ಣು ರಸ್ತೆಯಲ್ಲಿ ಧೂಳು ಕುಡಿದ ಎಂಜಿನ್ ‘ಬೋರಿಗೆ ಬಂತು’ ಅಂದಾಗ ಬ್ಲಾಕನ್ನು ಇಳಿಸಿ ಬೋರಿಂಗ್ ಅಂಗಡಿಗೆ ಒಯ್ಯುತ್ತಿದ್ದರು. ಸವೆದ ಗೋಡೆಯನ್ನು ಕೆತ್ತಿ ದೊಡ್ಡದು ಮಾಡಿ ಓವರ್‌ಸೈಜ್ ಪಿಸ್ಟನ್ ಹಾಕುವುದು: ಮೊದಲು ಟ್ವೆಂಟಿ, ಆಮೇಲೆ ಫಾರ್ಟಿ, ಕೊನೆಗೆ ಸಿಕ್ಸ್ಟಿ, ಅಂದರೆ ಅಂಗುಲದ ಸಾವಿರ ಪಾಲಿನಲ್ಲಿ ಅರವತ್ತು. ಅರವತ್ತಕ್ಕೆ ಹೋದ ಅಂಬಾಸಡರ್ ಎಂಜಿನ್ 1489 ಸಿಸಿಯದಲ್ಲ, 1552ರದು. ರೇಸಿನವರು ಹಣ ಕೊಟ್ಟು ಮಾಡಿಸಿಕೊಳ್ಳುವ ಕೆಲಸ ಇಲ್ಲಿ ರಿಪೇರಿಯ ಲೆಕ್ಕದಲ್ಲಿ ಆಗಿಹೋಗುತ್ತಿತ್ತು! ಬಾಡಿಗೆ ಕಾರಿನ ಡ್ರೈವರ್ ‘ಬೋರ್ ಆದಮೇಲೆ ಗಾಡಿ ಎಳೀತದೆ’ ಅನ್ನುತ್ತಿದ್ದದ್ದರಲ್ಲಿ ಸ್ವಲ್ಪ ಈ 63 ಸಿಸಿಯದ್ದೂ ಪಾಲು, ಹೆಚ್ಚಿನದು ಹೊಸ ರಿಂಗಿನದು.

ಈ ಕೆಲಸಕ್ಕೆ ಬೇಕಾದ ಸಾಧನ, ಸಾಮಾನು ಹತ್ತಿರದಲ್ಲೇ ಹುಟ್ಟುತ್ತಿದ್ದವು. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಮಾಡಿತು. ಬೆಂಗಳೂರಿನ ಆಡುಗೋಡಿಯ ಮೈಕೋ ಸ್ಪಾರ್ಕ್ ಪ್ಲಗ್ ಮಾಡಿತು. ಪಿಸ್ಟನ್ ಮದರಾಸಿನ ಇಂಡಿಯಾ ಪಿಸ್ಟನ್ಸ್‌ನಿಂದ, ಡಿಸ್ಟ್ರಿಬ್ಯೂಟರ್ ಅಲ್ಲಿಯದೇ ಲೂಕಾಸ್-ಟಿವಿಎಸ್‌ನಿಂದ. ಇನ್ನೇನಾದರೂ ಬೇಕಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ. ಆಮದು ಮುಚ್ಚಿದ್ದ ದಶಕಗಳಲ್ಲಿ ಕ್ಯಾಟಲಾಗ್ ನೋಡಿ ಭಾಗ ತರಿಸುವ ದಾರಿ ಇರಲಿಲ್ಲ. ಹಾಗಾಗಿ ಇಲ್ಲಿನ ಟ್ಯೂನರ್ ಮೊದಲು ಟರ್ನರ್ ಆಗಬೇಕಿತ್ತು.

ಮೈಲೇಜಿನ ಹಟ ಎಷ್ಟಿತ್ತೆಂದರೆ, ಪೆಟ್ರೋಲ್ ಜೀಪುಗಳ ನಾಲ್ಕು ಸಿಲಿಂಡರಿನ ಹರಿಕೇನ್ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂರಿಸುವುದು ಹಳ್ಳಿಗಾಡಿನ ಅತಿ ದೊಡ್ಡ ‘ಮಾಡಿಫಿಕೇಷನ್’ ಆಯಿತು. ಗೇರ್‌ಬಾಕ್ಸ್ ಕೂಡಿಸುವ ಪ್ಲೇಟು, ಮೌಂಟಿಂಗು ಎಲ್ಲವೂ ಲೇತಿನ ಮೇಲೆ. ಟ್ಯೂನಿಂಗ್ ಚರಿತ್ರೆ ಬರೆಯುವವರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬೇರೆ ಎಂಜಿನ್ನನ್ನು ಬೇರೆ ಚಾಸಿಗೆ ಸಾಲಿಗೆ ಸಾಲು ಸರಿಯಾಗಿ ಕೂರಿಸುವುದು ಕಾರ್ಬುರೇಟರ್ ಬದಲಿಸುವುದಕ್ಕಿಂತ ಕಷ್ಟದ ವಿದ್ಯೆ ಎಂದೇ ನನ್ನ ಎಣಿಕೆ.

ವೇಗದ ಹುಚ್ಚಿನವರಿಗೆ ಜಾಗ ಕೊಟ್ಟದ್ದು ಮದರಾಸಿನ ಹತ್ತಿರದ ಶೋಲಾವರಂ. ಎರಡನೇ ಮಹಾಯುದ್ಧದ ಕಾಲದ ವಿಮಾನಪಟ್ಟಿ ಅದು. ಐವತ್ತರ ದಶಕದಿಂದ ಎಂಬತ್ತರ ಕೊನೆಯವರೆಗೆ ಅಲ್ಲಿ ಫಿಯೆಟ್, ಹೆರಾಲ್ಡ್, ಅಂಬಾಸಡರ್‌ಗಳೆಲ್ಲ ಓಡಿದವು. ಬೆಂಗಳೂರಿನಿಂದ ಗಾಡಿ ಕಟ್ಟಿಕೊಂಡು ಹೋಗುವವರ ಸಾಲೇ ಇತ್ತು. ಫಿಯೆಟ್ 1100, ಆಮೇಲಿನ ಪ್ರೀಮಿಯರ್ ಪದ್ಮಿನಿ, 1089 ಸಿಸಿ. ಬೋರ್ 68, ಸ್ಟ್ರೋಕ್ 75. ಬಿ-ಸೀರೀಸ್‌ಗಿಂತ ಗಿಡ್ಡ ಸ್ಟ್ರೋಕ್ ಆದ್ದರಿಂದ ಹೆಚ್ಚು ಸುತ್ತಿಗೆ ಹೆದರುತ್ತಿರಲಿಲ್ಲ. ಅಂಬಾಸಡರ್ ಪಿಸ್ಟನ್ ನಿಮಿಷಕ್ಕೆ 5,500 ಸುತ್ತಿನಲ್ಲಿ ಸರಾಸರಿ ಸೆಕೆಂಡಿಗೆ 16 ಮೀಟರ್ ಓಡುತ್ತದೆ, ಅದೇ ಸುತ್ತಿನಲ್ಲಿ ಫಿಯೆಟ್‌ದು 14ರ ಒಳಗೆ. ಮೂರೇ ಮೇನ್ ಬೇರಿಂಗಿನ ಮೇಲೆ ಕೂತ ಅಂಬಾಸಡರ್ ಕ್ರ್ಯಾಂಕಿಗೆ ಈ ವ್ಯತ್ಯಾಸ ಚಿಕ್ಕದಲ್ಲ. ಈ ಕಾಲದ ದೊಡ್ಡ ಹೆಸರು ಕೊಯಮತ್ತೂರಿನ ಎಸ್. ಕರಿವರ್ಧನ್: ಚಾಲಕ, ಟ್ಯೂನರ್, ರೇಸ್ ಕಾರು ಕಟ್ಟಿದವರು. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು.

ಕನ್ನಡ ನಾಡಿನ ಪಾಲು ಇದರಲ್ಲಿ ಏನು ಎಂದು ಕೇಳಿದರೆ ನಾನು ಮೊದಲು ಹೇಳುವುದು ಡಾಲ್ಫಿನ್ ಹೆಸರನ್ನು. ಬೆಂಗಳೂರಿನ ಸಿಪಾನಿಯವರು ಮೊದಲು ಬಾದಲ್ ಎಂಬ ಮೂರು ಚಕ್ರದ ಕಾರು ಮಾಡಿದ್ದರು. 1982ರ ಸುಮಾರಿಗೆ ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಕಾರನ್ನು ಆಧಾರವಾಗಿಟ್ಟು ಡಾಲ್ಫಿನ್ ತಂದರು. ಫೈಬರ್ ಗ್ಲಾಸ್ ಮೈ, ಎರಡು ಬಾಗಿಲು, ಹಿಂದಿನ ಚಕ್ರಕ್ಕೆ ಎಳೆತ. ಬೀದಿಯ ಹಸು ಅದರ ಬಾಡಿ ತಿಂದುಹಾಕುತ್ತದೆ ಎಂದು ಜನ ಆಡಿಕೊಂಡರು. ಕಾರು ಮಾರುಕಟ್ಟೆಯಲ್ಲಿ ಗೆಲ್ಲಲಿಲ್ಲ, ಮಾರುತಿ 800 ಬಂದಮೇಲೆ ಗೆಲ್ಲುವಂತೆಯೂ ಇರಲಿಲ್ಲ. ಆದರೆ ಎಂಬತ್ತರ ದಶಕದ ರ‍್ಯಾಲಿಗಳಲ್ಲಿ, ಶೋಲಾವರಂನಲ್ಲಿ ಅದಕ್ಕೆ ಬೇರೆಯೇ ಮರ್ಯಾದೆ.

ಕಾರಣ ಎಂಜಿನ್ ಮತ್ತು ತೂಕ. 848 ಸಿಸಿಯ ನಾಲ್ಕು ಸಿಲಿಂಡರ್, ಬ್ಲಾಕು ಹೆಡ್ಡು ಎರಡೂ ಅಲ್ಯೂಮಿನಿಯಂ. ಇದರ ವಂಶ ಹಳೆಯದು. ಆಸ್ಟಿನ್ ಸೆವೆನ್ ಎಂಜಿನ್ ನಿಂತಾಗ ರಿಲಯಂಟ್‌ನವರು ಅದರದೇ ಮಾದರಿಯನ್ನು ತಾವೇ ಎರಕ ಹೊಯ್ದುಕೊಂಡಿದ್ದರು, 1962ರಲ್ಲಿ ಅದನ್ನು ಬಿಟ್ಟು ಈ ಅಲ್ಯೂಮಿನಿಯಂ ಎಂಜಿನ್ ಮಾಡಿದರು. ಇಂಗ್ಲೆಂಡಿನ 750 ಫಾರ್ಮುಲಾ ಎಂಬ ಬಡವರ ರೇಸಿನಲ್ಲೂ ಇದೇ ಸಂತತಿ ಓಡಿತು. ಟನ್ನು ಮೀರಿದ ಅಂಬಾಸಡರ್‌ನ ಅರ್ಧದ ಸುತ್ತ ತೂಗುವ ಗಾಡಿಗೆ ಹತ್ತು ಕುದುರೆ ಹೆಚ್ಚು ಸಿಕ್ಕರೆ ಅಂಬಾಸಡರ್‌ಗೆ ಇಪ್ಪತ್ತು ಸಿಕ್ಕಂತೆ. ಡಾಲ್ಫಿನ್ ಎಂಜಿನ್ನಿನಲ್ಲಿ ಲೈನರ್‌ಗಳು ನೀರಿನಲ್ಲೇ ನಿಂತಿರುವ ಬಿಡಿ ಕೊಳವೆಗಳು. ಸವೆದರೆ ಕಿತ್ತು ಹೊಸದು ಕೂರಿಸಬಹುದು, ಆದರೆ ಕೂರುವ ಎತ್ತರದಲ್ಲಿ ಕೂದಲೆಳೆ ವ್ಯತ್ಯಾಸವಾದರೂ ಗ್ಯಾಸ್ಕೆಟ್ ನೀರು ಬಿಡುತ್ತದೆ. ಎರಕದ ಕಬ್ಬಿಣಕ್ಕೆ ಪಳಗಿದ ಕೈಗೆ ಅಲ್ಯೂಮಿನಿಯಂ ಹೊಸ ಪಾಠ ಕಲಿಸಿತು: ಬೋಲ್ಟನ್ನು ಅಂದಾಜಿನಲ್ಲಿ ಬಿಗಿಯಬೇಡ, ಬಿಸಿ ಏರಲು ಬಿಡಬೇಡ.

ಮುಂದಿನದು ಬೇಗ ಹೇಳಿ ಮುಗಿಸಬಹುದು. 1985ರಲ್ಲಿ ಮಾರುತಿಯ ಜಿಪ್ಸಿ, 970 ಸಿಸಿ, ನಾಲ್ಕು ಸಿಲಿಂಡರ್. 1994ರಲ್ಲಿ 1298 ಸಿಸಿಯ ಎಸ್ಟೀಮ್. ಜಿಪ್ಸಿಗೂ 1300 ಎಂಜಿನ್ ಬಂದು, 2000ದ ಹೊತ್ತಿಗೆ ಹದಿನಾರು ವಾಲ್ವ್, ಇಂಧನ ಚಿಮ್ಮಿಸುವ ಎಂಪಿಎಫ್‌ಐ ಆಗಿ 80 ಅಶ್ವಶಕ್ತಿ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿಯಂಥ ಕಡೆ ಜಿಪ್ಸಿಯದೇ ರಾಜ್ಯಭಾರವಾಯಿತು. ಇಂಧನ ಎಷ್ಟು, ಕಿಡಿ ಯಾವಾಗ ಎಂಬುದನ್ನು ಜೆಟ್ಟು, ಪಾಯಿಂಟ್ಸ್ ಗ್ಯಾಪು ಬಿಟ್ಟು ಕಂಪ್ಯೂಟರ್ ಪೆಟ್ಟಿಗೆ ನಿರ್ಧರಿಸತೊಡಗಿತು. ಬೆಂಗಳೂರಿನಲ್ಲಿ ಲ್ಯಾಪ್‌ಟಾಪ್ ಹಿಡಿದು, ಶಕ್ತಿ ಅಳೆಯುವ ಡೈನೋ ಮೇಲೆ ಗಾಡಿ ಓಡಿಸಿ ಮ್ಯಾಪ್ ಬದಲಿಸುವ ಹೊಸ ತಲೆಮಾರು ಹುಟ್ಟಿತು. ಅವರ ಕೆಲಸ ನಿಖರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೆನ್ಸರ್ ಇಲ್ಲದ 1960ರ ಎಂಜಿನ್ ಮುಂದೆ ನಿಲ್ಲಿಸಿದರೆ ಅವರಲ್ಲಿ ಹಲವರಿಗೆ ಪ್ಲಗ್ಗಿನ ಬಣ್ಣ ನೋಡಿ ಮಿಶ್ರಣ ಹೇಳುವ ಅಭ್ಯಾಸವಿಲ್ಲ.

ಹಳೆಯ ಎಂಜಿನ್ ಮತ್ತೆ ಚರ್ಚೆಗೆ ಬಂದಿರುವುದು ಇಂಧನದ ದೆಸೆಯಿಂದ. 2000ದಲ್ಲಿ ದೇಶದಾದ್ಯಂತ ಪೆಟ್ರೋಲಿನಿಂದ ಸೀಸ ಹೋಯಿತು. ವಾಲ್ವ್ ಸೀಟಿಗೆ ಕವಚವಾಗಿದ್ದ ಸೀಸ ಇಲ್ಲದೆ ಬಿ-ಸೀರೀಸ್‌ನಂಥ ಕಬ್ಬಿಣದ ಹೆಡ್‌ಗಳಲ್ಲಿ ಎಕ್ಸಾಸ್ಟ್ ಸೀಟು ಸವೆದು ಟ್ಯಾಪೆಟ್ ಸಂದು ಮುಚ್ಚಿಕೊಳ್ಳುವುದು ಶುರುವಾಯಿತು. ಗಟ್ಟಿ ಉಕ್ಕಿನ ಸೀಟು ಕೂರಿಸುವುದೇ ಮದ್ದು. ಈಗ ಎಥನಾಲ್. 2023ರ ಫೆಬ್ರವರಿ 6ರಂದು ಪ್ರಧಾನಿ ಬೆಂಗಳೂರಿನಲ್ಲಿ, ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಇ-20 ಪೆಟ್ರೋಲಿಗೆ ಚಾಲನೆ ಕೊಟ್ಟರು. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕಾದರೆ ಇ-20ಗೆ ಸುಮಾರು 13.5 ಸಾಕು. ಅಂದರೆ ಅದೇ ಗಾಳಿಗೆ ನೂರಕ್ಕೆ ಒಂಬತ್ತರಷ್ಟು ಹೆಚ್ಚು ಇಂಧನ ಹೋಗಬೇಕು. ಹೊಸ ಗಾಡಿಯ ಕಂಪ್ಯೂಟರ್ ಇದನ್ನು ತಾನೇ ಸರಿಪಡಿಸಿಕೊಳ್ಳುತ್ತದೆ, ಕಾರ್ಬುರೇಟರ್ ಸರಿಪಡಿಸಿಕೊಳ್ಳದು. ಮೇನ್ ಜೆಟ್ಟಿನ ವ್ಯಾಸವನ್ನು ನೂರಕ್ಕೆ ನಾಲ್ಕರಷ್ಟು ಹಿಗ್ಗಿಸಬೇಕು. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಂ ಬದಲಿಸಬೇಕು. ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿನಲ್ಲಿ ನೀರು ಸೇರಿ ಎಥನಾಲ್ ತಳಕ್ಕಿಳಿಯುವುದನ್ನೂ ಗಮನಿಸಬೇಕು.

ಇದರಲ್ಲೊಂದು ಲಾಭವೂ ಉಂಟು. ಇ-20ರ ಆಕ್ಟೇನ್ 95. ಅಂಬಾಸಡರ್‌ಗೆ 7.2 ಸಾಕು ಎಂದು ಕಟ್ಟಿಹಾಕಿದ್ದ ಕಾರಣವೇ ಈಗ ಇಲ್ಲ. ಎಂಜಿಎಯ 8.3ಕ್ಕೆ ಧೈರ್ಯವಾಗಿ ಹೋಗಬಹುದು.

ಅಡ್ಡ ಬರುವುದು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾದ ಬದಲಾವಣೆಯನ್ನು ಒಪ್ಪುವುದಿಲ್ಲ. 2021ರ ನಿಯಮದಂತೆ ಐವತ್ತು ವರ್ಷ ದಾಟಿದ ಗಾಡಿಗೆ ‘ವಿಎ’ ಸಾಲಿನ ವಿಂಟೇಜ್ ನಂಬರ್ ಸಿಗುತ್ತದೆ, ಮೂಲ ರೂಪದಲ್ಲಿದ್ದರೆ ಮಾತ್ರ. ಅರವತ್ತು ಓವರ್‌ಸೈಜ್ ಆಗಿ 1552 ಸಿಸಿಗೆ ಬಂದ ಎಂಜಿನ್ ಮೂಲ ರೂಪವೋ ಅಲ್ಲವೋ? ಆರ್‌ಸಿ ಪುಸ್ತಕದಲ್ಲಿ ಅದು ಇವತ್ತಿಗೂ 1489.