ಅಲೆಮಾರಿ ಹಕ್ಕಿ

ಅಲೆಮಾರಿ ಹಕ್ಕಿ: ತನ್ನ ಪ್ರಭೇದದ ಸಂತಾನ ನೆಲೆ, ಚಳಿಗಾಲದ ನೆಲೆ, ವಲಸೆಯ ದಾರಿ ಈ ಮೂರರಿಂದಲೂ ಬಹುದೂರದಲ್ಲಿ ಕಂಡುಬರುವ ಹಕ್ಕಿ. ವಲಸೆ ಹಕ್ಕಿಗಳಂತೆ ವರ್ಷವರ್ಷವೂ ಗೊತ್ತಾದ ತಾಣಕ್ಕೆ ಬರದೆ, ಸಾಮಾನ್ಯವಾಗಿ ಒಂಟಿಯಾಗಿ, ಅನಿರೀಕ್ಷಿತವಾಗಿ ಬಂದಿಳಿಯುತ್ತದೆ. ಬಿರುಗಾಳಿ, ಭೂಕಾಂತ ಕ್ಷೇತ್ರದ ಏರುಪೇರು, ಮೊದಲ ವಲಸೆಗೆ ಹೊರಟ ಎಳೆಯ ಹಕ್ಕಿಗಳ ದಿಕ್ಕಿನ ತಪ್ಪು ಇದಕ್ಕೆ ಕಾರಣವಾಗಬಲ್ಲವು.

ಇತ್ತೀಚಿನ ದಾಖಲೆಗಳಲ್ಲಿ ಅತ್ಯಂತ ಬೆರಗಿನದು ಒಂದು ಸ್ಟೆಲ್ಲರ್ ಕಡಲ ಹದ್ದಿನದು. ಸುಮಾರು 9 ಕಿಲೋ ವರೆಗೆ ತೂಗುವ, ದಪ್ಪ ಹಳದಿ ಕೊಕ್ಕಿನ ಈ ಹದ್ದು ರಷ್ಯಾದ ಕಮ್ಚಾಟ್ಕಾ, ಓಖೋಟ್ಸ್ಕ್ ಸಮುದ್ರತೀರ ಮತ್ತು ಅಮೂರ್ ನದಿಯ ಕೆಳಭಾಗದ ದಂಡೆಗಳಲ್ಲಿ ಗೂಡು ಕಟ್ಟುತ್ತದೆ. ಚಳಿಗಾಲದಲ್ಲಿ ಹಲವು ಹದ್ದುಗಳು ಜಪಾನಿನ ಹೊಕ್ಕೈಡೊಗೆ ಇಳಿಯುತ್ತವೆ. ಮೀನು ಮುಖ್ಯ ಆಹಾರ. ಒಟ್ಟು ಸಂಖ್ಯೆ ಕೆಲವೇ ಸಾವಿರ. 2020ರಲ್ಲಿ ಅಲಾಸ್ಕಾದ ಒಳನಾಡಿನಲ್ಲಿ ಕಂಡ ಹದ್ದೊಂದು 2021ರಲ್ಲಿ ಕೆನಡಾದ ಕ್ವಿಬೆಕ್ ಮತ್ತು ನೋವಾ ಸ್ಕೋಷಿಯಾ, ವರ್ಷಾಂತ್ಯಕ್ಕೆ ಅಮೆರಿಕದ ಮ್ಯಾಸಚೂಸೆಟ್ಸ್ ಮತ್ತು ಮೇನ್‌ಗಳಲ್ಲಿ ಕಾಣಿಸಿತು. 2021ರ ಮಾರ್ಚ್‌ನಲ್ಲಿ ಟೆಕ್ಸಾಸ್‌ನಲ್ಲಿ ಕಂಡದ್ದೂ ಇದೇ ಇರಬಹುದು. ರೆಕ್ಕೆಯ ಬಿಳಿ ಮಚ್ಚೆಗಳನ್ನು ಛಾಯಾಚಿತ್ರಗಳಲ್ಲಿ ಹೋಲಿಸಿ ಉಳಿದೆಡೆ ಕಂಡದ್ದು ಒಂದೇ ಹಕ್ಕಿಯೆಂದು ಗುರುತಿಸಲಾಯಿತು. ಅದನ್ನು ನೋಡಲು ಸಾವಿರಾರು ಜನ ಸೇರಿದರು. ಬಳಿಕ ಅದು ನ್ಯೂಫೌಂಡ್‌ಲ್ಯಾಂಡ್‌ನಲ್ಲೂ ಕಾಣಿಸಿತು.

ಪಂಜರದಿಂದ ತಪ್ಪಿಸಿಕೊಂಡ ಹಕ್ಕಿಯೂ ಹೀಗೆ ಕಾಣಬಹುದಾದ್ದರಿಂದ ಛಾಯಾಚಿತ್ರ, ಕಾಲಿನ ಉಂಗುರ, ಗರಿಗಳ ಸ್ಥಿತಿಯನ್ನು ಪರಿಶೀಲಿಸಿಯೇ ದಾಖಲೆಯನ್ನು ಒಪ್ಪುತ್ತಾರೆ. ಹೆಚ್ಚಿನ ಅಲೆಮಾರಿಗಳು ಹೊಸ ನೆಲದಲ್ಲಿ ಸಂತಾನ ಬೆಳೆಸುವುದಿಲ್ಲ. ಅಪರೂಪಕ್ಕೆ ನೆಲೆ ವಿಸ್ತರಣೆಯೂ ಆಗುತ್ತದೆ: ಆಫ್ರಿಕಾದಿಂದ ಅಟ್ಲಾಂಟಿಕ್ ದಾಟಿದ ಗೋವಕ್ಕಿ 19ನೆಯ ಶತಮಾನದ ಕೊನೆಯ ಹೊತ್ತಿಗೆ ದಕ್ಷಿಣ ಅಮೆರಿಕ ತಲುಪಿ, ಮುಂದೆ ಉತ್ತರ ಅಮೆರಿಕಕ್ಕೂ ಹರಡಿತು.