ಮನೆಯ ಸುತ್ತ ನೀರಿನ ದಾರಿ

ಕಾವೇರಿ, ಕನ್ನಿಕೆ, ಸುಜ್ಯೋತಿ ಕೂಡುವ ಭಾಗಮಂಡಲಕ್ಕೆ ಮಳೆಗಾಲದ ಪ್ರವಾಹ ಹೊಸತಲ್ಲ. ಇಂಥ ಮಳೆಯನ್ನು ಬಲ್ಲ ಕೊಡಗಿನ ಹಿರಿಯರು ಐನ್‌ಮನೆಗಳನ್ನು ಗದ್ದೆಗಿಂತ ಎತ್ತರದಲ್ಲಿ ಕಟ್ಟಿದರು. ತೊಟ್ಟಿಯಂತಹ ಒಳಾಂಗಳಕ್ಕೆ ಮಾಡಿನಿಂದ ಸುರಿದ ನೀರು ಮೋರಿಯಲ್ಲಿ ಹೊರಗೆ ಹರಿಯುತ್ತಿತ್ತು.

ಮುಂದೆ ಮನೆ, ರಸ್ತೆಗಳಿಗಾಗಿ ಗುಡ್ಡವನ್ನು ನೆಟ್ಟಗೆ ಕಡಿದೆವು. ನೀರಿನ ದಾರಿಯನ್ನು ಮರೆತೆವು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. ಅತಿವೃಷ್ಟಿಯ ಜೊತೆಗೆ ಇಳಿಜಾರು ಕಡಿದದ್ದೂ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ತಿಳಿಸಿತು. 2020ರ ಆಗಸ್ಟ್‌ನಲ್ಲಿ ಭಾಗಮಂಡಲದ ಮೇಲಿರುವ ತಲಕಾವೇರಿಯಲ್ಲಿ ಬ್ರಹ್ಮಗಿರಿ ಕುಸಿದು, ಅರ್ಚಕರ ಮನೆ ಮಣ್ಣಿನಡಿ ಸೇರಿತು.

ಆದ್ದರಿಂದ ಮಳೆಗೆ ಮೊದಲೇ ಮನೆಯ ಹಿಂದಿನ ಬರೆಯ ಮೇಲ್ಗಡೆ ಚರಂಡಿ ತೆಗೆದು, ನೀರನ್ನು ತೋಡಿಗೆ ತಿರುಗಿಸಿ. ಕಡಿದಾದ ಬರೆಯ ನೆತ್ತಿಯಲ್ಲಿ ಇಂಗುಗುಂಡಿ ಬೇಡ. ಬರೆಯಲ್ಲಿ ಬಿರುಕು ಕಂಡರೆ ಸರಿಪಡಿಸುತ್ತ ನಿಲ್ಲಬೇಡಿ. ಮನೆ ಬಿಟ್ಟು ಹೊರಡಿ.