ರಸ್ತೆಯ ಓಟಕ್ಕೆ ಮಿತಿ ಹಾಕಿಸಿದವರ ಚರಿತ್ರೆ

ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘವು ಇಪ್ಪತ್ತೈದು ವರ್ಷಗಳನ್ನು ಪೂರೈಸಿ ಬೆಳ್ಳಿಹಬ್ಬ ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ, ಸಂಘದ ಬಾಗಿಲ ಮುಂದಿನ ರಸ್ತೆಯ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಈ ಸಂಚಿಕೆ ಪೂರ್ಣವಾಗದು. ಬೆಳಿಗ್ಗೆ, ಸಂಜೆ ಹಾಲು ಹಾಕಲು ನಾವೆಲ್ಲ ಅದನ್ನು ದಾಟಿಯೇ ಬರಬೇಕು. ಮಣ್ಣುರಸ್ತೆ ಇದ್ದಾಗ ಎತ್ತಿನ ಗಾಡಿಗೆ ಲಾರಿಯೇ ನಿಂತು ದಾರಿ ಬಿಡುತ್ತಿತ್ತು ಎಂದು ಹಿರಿಯರು ನೆನೆಯುತ್ತಾರೆ. ಟಾರು ಬಿತ್ತು, ರಸ್ತೆ ಅಗಲವಾಯಿತು, ಅನುಕೂಲವೂ ಆಯಿತು. ಅದರ ಜೊತೆಗೆ ಭಯವೂ ಬಂತು. "ಮಕ್ಕಳ ಕೈ ಬಿಡಬೇಡ್ರಪ್ಪ" ಎನ್ನುವುದು ಈಗ ದಿನದ ಮಾತು.

ವೇಗ ತಗ್ಗಿಸಲು ಸರ್ಕಾರವನ್ನು ಕೇಳೋಣ ಎಂದರೆ, "ನಮ್ಮ ಮಾತು ಯಾರು ಕೇಳ್ತಾರೆ?" ಎನ್ನುವವರೇ ಹೆಚ್ಚು. ಆದರೆ ಕೇಳಿ ಪಡೆದವರ ಚರಿತ್ರೆ ಇದೆ. ಅದನ್ನು ಸದಸ್ಯರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲಿಗೆ ಇಂಗ್ಲೆಂಡಿನ ಮಾತು. ಅಲ್ಲಿ 1903ರ ಕಾಯ್ದೆ ಮೋಟಾರು ಗಾಡಿಗಳಿಗೆ ಗಂಟೆಗೆ 20 ಮೈಲಿಯ ಮಿತಿ ಹಾಕಿತ್ತು. 1930ರಲ್ಲಿ ಕಾರುಗಳಿಗೆ ಆ ಮಿತಿಯನ್ನೇ ತೆಗೆದುಹಾಕಿದರು. 1934ರಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ 7,343 ಜನ ಸತ್ತರು. ಅದೇ ವರ್ಷ ಹೊಸ ಕಾಯ್ದೆ ತಂದು, 1935ರ ಮಾರ್ಚಿಯಿಂದ ಜನವಸತಿ ಇರುವ ಕಡೆ ಗಂಟೆಗೆ 30 ಮೈಲಿ, ಅಂದರೆ ಸುಮಾರು 48 ಕಿಲೋಮೀಟರಿನ ಮಿತಿ ಹಾಕಬೇಕಾಯಿತು. ತೆಗೆದವರೇ ಮತ್ತೆ ತಂದರು. ವೇಗಮಿತಿ ಎಂಬುದು ಹಣೆಬರಹವಲ್ಲ, ಮನುಷ್ಯರು ಮಾಡಿಕೊಳ್ಳುವ ಕಟ್ಟಳೆ ಎಂಬುದಕ್ಕೆ ಇಷ್ಟು ಸಾಕು.

ಇನ್ನು ಹಾಲೆಂಡ್ ದೇಶದ ಸಂಗತಿ. ನಮ್ಮ ಕೊಟ್ಟಿಗೆಯ ಎಚ್.ಎಫ್. ಹಸುವಿನ ತಳಿಯ ಮೂಲ ಆ ಕಡೆಯದೇ ಆದ್ದರಿಂದ ಅದು ನಮಗೆ ತೀರಾ ಪರಕೀಯವೇನಲ್ಲ. ಕಾರುಗಳು ಹೆಚ್ಚಾದಂತೆ ಅಲ್ಲಿ ಸಾವುಗಳೂ ಹೆಚ್ಚಾದವು. 1971ರಲ್ಲಿ ಸುಮಾರು 3,300 ಜನ ರಸ್ತೆಯಲ್ಲಿ ಪ್ರಾಣ ಬಿಟ್ಟರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಆ ಮಕ್ಕಳಲ್ಲಿ ಒಬ್ಬಳು ವಿಕ್ ಲಾಂಗೆನ್‌ಹಾಫ್ ಎಂಬ ಪತ್ರಕರ್ತರ ಮಗಳು. 1972ರಲ್ಲಿ ಆ ತಂದೆ "ಮಕ್ಕಳ ಕೊಲೆ ನಿಲ್ಲಿಸಿ" ಎಂಬ ತಲೆಬರಹ ಕೊಟ್ಟು ಪತ್ರಿಕೆಯಲ್ಲಿ ಬರೆದರು. ಅಪಘಾತ ಎನ್ನಲಿಲ್ಲ, ಕೊಲೆ ಎಂದರು. ಆ ಮಾತೇ ಒಂದು ಚಳವಳಿಯ ಹೆಸರಾಯಿತು. ತಂದೆತಾಯಿಗಳು ಬೀದಿಗಿಳಿದರು. ಆಮ್‌ಸ್ಟರ್‌ಡ್ಯಾಮ್ ನಗರದ ಒಂದು ಇಕ್ಕಟ್ಟಿನ ಬಡಾವಣೆಯಲ್ಲಿ ಶಾಲೆಯ ಮಕ್ಕಳೇ ಸಹಿ ಸಂಗ್ರಹಿಸಿ, ಆಟಕ್ಕೆ ಬೀದಿ ಬಿಡಿ ಎಂದು ರಸ್ತೆಗೆ ಅಡ್ಡಕಟ್ಟಿದರು. ಕಾರಿನವರು ರೇಗಿದರು. ಮಕ್ಕಳು ಜಗ್ಗಲಿಲ್ಲ.

ಫಲ ಒಂದೇ ದಿನಕ್ಕೆ ಸಿಗಲಿಲ್ಲ. 1976ರಲ್ಲಿ, ನಡೆಯುವವರಿಗೇ ಮೊದಲ ಹಕ್ಕು ಎಂಬ ವಸತಿ ಬೀದಿಗಳಿಗೆ ಕಾನೂನಿನ ಮಾನ್ಯತೆ ದೊರೆಯಿತು. 1980ರ ದಶಕದಲ್ಲಿ ಗಂಟೆಗೆ 30 ಕಿ.ಮೀ. ಮಿತಿಯ ವಲಯಗಳು ಬಂದವು. ಬರೀ ಬೋರ್ಡು ನೆಟ್ಟು ಸುಮ್ಮನಾಗಲಿಲ್ಲ. ರಸ್ತೆಯನ್ನು ಕಿರಿದು ಮಾಡಿದರು, ತಿರುವು ಕೊಟ್ಟರು, ಹಂಪ್ಸ್ ಹಾಕಿದರು. ಇತ್ತೀಚಿನ ವರ್ಷಗಳಲ್ಲಿ ಆ ದೇಶದ ರಸ್ತೆಗಳಲ್ಲಿ ಸಾಯುವವರ ಸಂಖ್ಯೆ ವರ್ಷಕ್ಕೆ 700ರ ಆಸುಪಾಸಿನಲ್ಲಿದೆ.

ಸ್ವಲ್ಪ ವೇಗ ತಗ್ಗಿದರೆ ಏನು ಮಹಾ ಎನ್ನಬಹುದು. ಲೆಕ್ಕ ನೋಡಿ. ಗಂಟೆಗೆ 60 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಚಾಲಕನ ಕಾಲು ಬ್ರೇಕಿನ ಮೇಲೆ ಹೋಗುವಷ್ಟರಲ್ಲಿ ಅಷ್ಟು ದೂರ ದಾಟಿರುತ್ತದೆ. 30ರ ವೇಗದಲ್ಲಿ ಅದು ಅರ್ಧಕ್ಕಿಳಿಯುತ್ತದೆ. ಇನ್ನು ಗಾಡಿಯಲ್ಲಿ ತುಂಬಿಕೊಂಡಿರುವ ಶಕ್ತಿ, ವೇಗ ಎರಡರಷ್ಟಾದರೆ ನಾಲ್ಕರಷ್ಟಾಗುತ್ತದೆ. 2022ರಲ್ಲಿ ನಮ್ಮ ದೇಶದಲ್ಲಿ ರಸ್ತೆ ಅಪಘಾತಗಳಿಂದ 1,68,491 ಜನ ಸತ್ತರು. ಅವುಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಸಾವುಗಳಿಗೆ ಅತಿವೇಗವೇ ಕಾರಣ ಎಂದು ಕೇಂದ್ರ ಸರ್ಕಾರದ ವರದಿಯೇ ಹೇಳಿದೆ.

ನಮ್ಮ ಕಾನೂನೇನೂ ಕೈಕಟ್ಟಿ ಕುಳಿತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 112ನೇ ಕಲಮಿನಂತೆ, ಸಾರ್ವಜನಿಕರ ಸುರಕ್ಷತೆಗಾಗಿ ಅಥವಾ ರಸ್ತೆಯ ಸ್ವರೂಪ ನೋಡಿ, ರಾಜ್ಯ ಸರ್ಕಾರವಾಗಲಿ ಅದರಿಂದ ಅಧಿಕಾರ ಪಡೆದವರಾಗಲಿ ಒಂದು ರಸ್ತೆಗೆ ಕಡಿಮೆ ವೇಗಮಿತಿ ಗೊತ್ತುಪಡಿಸಬಹುದು. ಅದನ್ನು ಅಧಿಸೂಚನೆಯಲ್ಲಿ ಪ್ರಕಟಿಸಿ, ರಸ್ತೆಯಲ್ಲಿ ಫಲಕ ನೆಡಬೇಕು. ದಾರಿ ಇದೆ, ನಡೆಯುವವರು ಬೇಕು. ಅಳದ ಮಗುವಿಗೆ ಹಾಲಿಲ್ಲ ಎಂಬ ಗಾದೆ ಹಾಲಿನವರಾದ ನಮಗೆ ಬೇರೆ ಯಾರೂ ಹೇಳಬೇಕಾಗಿಲ್ಲ.

ಒಂದು ಮಾತನ್ನು ಮುಚ್ಚಿಡಬಾರದು. ಈ ರಸ್ತೆಯಲ್ಲಿ ರೊಯ್ಯನೆ ಹೋಗುವವರು ಹೊರಗಿನವರಷ್ಟೇ ಅಲ್ಲ. ಬೈಕ್ ಏರಿದ ನಮ್ಮ ಹುಡುಗರೂ ಇದ್ದಾರೆ. ಮಿತಿ ಕೇಳುವ ನಾವು ಮೊದಲು ಅದನ್ನು ಪಾಲಿಸಬೇಕು.

ಇಪ್ಪತ್ತೈದು ವರ್ಷದ ಹಿಂದೆ ಒಬ್ಬೊಬ್ಬರೇ ಮಾರುವ ಹಾಲಿಗೆ ಸರಿಯಾದ ಬೆಲೆ ಸಿಗದೆ ಇದ್ದಾಗ ನಾವು ಒಂದಾದೆವು. ಬರುವ ಸರ್ವಸದಸ್ಯರ ಸಭೆಯಲ್ಲಿ ಈ ರಸ್ತೆಯ ವೇಗಮಿತಿಗಾಗಿ ಠರಾವು ಮಾಡಿ, ಗ್ರಾಮ ಪಂಚಾಯಿತಿಯನ್ನೂ ಶಾಲೆಯನ್ನೂ ಜೊತೆಗೆ ಕರೆದುಕೊಂಡು, ಪ್ರತಿ ಮನೆಯ ಸಹಿಯೊಡನೆ ಜಿಲ್ಲಾಧಿಕಾರಿಗಳಿಗೆ ಮನವಿ ಕೊಡೋಣ. ಒಂದು ಸಲಕ್ಕೆ ಆಗದಿದ್ದರೆ ಮತ್ತೊಮ್ಮೆ ಹೋಗೋಣ. ಸಂಘದ ಸುವರ್ಣ ಮಹೋತ್ಸವವನ್ನು ನೋಡಬೇಕಾದವರು ಇಂದು ಆ ರಸ್ತೆ ದಾಟಿ ಶಾಲೆಗೆ ಹೋಗುವ ಮಕ್ಕಳು.